ಕೈ ನೋಡಲು ಬಂದವನು

ನನ್ನನ್ನು ನೋಡಲು ಬಂದವನು ನನ್ನ ಮುಖ ನೋಡಲಿಲ್ಲ. ಕೈ ನೋಡಿದ.

'ಕೈ ಚಾಚವಾ' ಎಂದ. ಚಾಚಿದೆ. ಮುಂಗೈ ನೋಡಿದ, ಅಂಗೈ ನೋಡಿದ. ಉಗುರಿನ ಬುಡಕ್ಕೆ ಹತ್ತಿದ ಕೆಂಪು ಬಣ್ಣ ನೋಡಿದ. ಬಣ್ಣದ ಹಂಡೆ ಸುಟ್ಟ ಕಲೆ ನೋಡಿದ. ಮುಟ್ಟಲಿಲ್ಲ, ಅಷ್ಟು ಮರ್ಯಾದೆ ಇಟ್ಟುಕೊಂಡ. ಆಮೇಲೆ ನನ್ನ ಅಣ್ಣನ ಕಡೆ ತಿರುಗಿ, 'ಅಗದಿ ಛಲೋ ಐತಿ' ಎಂದ. ಏನು ಛಲೋ ಐತಿ ಎಂದು ಹೇಳಲಿಲ್ಲ.

ಹೆಸರು ಅಬ್ದುಲ್‌ಸಾಬ. ಅಣ್ಣಿಗೇರಿಯವನು. ಈಗ ಹುಬ್ಬಳ್ಳಿ, ಮುಂಬಯಿ, ಕುವೈತ್ ಎಂದು ಓಡಾಡುತ್ತಿದ್ದ. ಅದು ಎಪ್ಪತ್ತಾರನೆಯ ಇಸವಿ. ನವಲಗುಂದದ ನಮ್ಮ ಓಣಿಯಲ್ಲಿ ಯಾರ ಬಾಯಲ್ಲಿ ನೋಡಿದರೂ ಕುವೈತ್. ಅವನು ಬಂದು ಹೋದ ಮನೆಯಲ್ಲಿ ಮೂರು ದಿನ ಅತ್ತರಿನ ವಾಸನೆ ಇರುತ್ತಿತ್ತು. ನಮ್ಮ ಮನೆಯಲ್ಲಿ ಬಣ್ಣದ ಹಂಡೆಯ ಘಾಟು ಅದನ್ನು ಅರ್ಧ ತಾಸಿನಲ್ಲಿ ನುಂಗಿ ಹಾಕಿತು. ನನಗೆ ಒಳಗೊಳಗೇ ಖುಷಿಯಾಯಿತು.

ಮದುವೆಯ ಹುಡುಗ ಅವನಲ್ಲ, ಅವನ ಕಾಕಾನ ಮಗನಂತೆ, ಮಾಬುಸಾಬ ಅಂತ ಹೆಸರಂತೆ. ಕುವೈತಿನಲ್ಲಿ ಅಂಗಡಿ ಇದೆಯಂತೆ. ಎಲ್ಲವೂ ಅಂತೆ.

'ಹುಡುಗ ಬರೂದಿಲ್ಲೇನ್ರಿ?' ಎಂದು ಅಮ್ಮಾ ಕೇಳಿದಳು.

'ರಜಾ ಸಿಗೂದಿಲ್ರಿ ಅಮ್ಮಾ. ಅಂವನ ಬದ್ಲಿ ನಾ ವಕೀಲ ಆಗಿ ಕುಂದ್ರತೀನಿ. ನಿಕಾಹ್ ಆಗತೈತಿ. ಆಮ್ಯಾಲ ನಾನ ಕರಕೊಂಡ ಹೋಗ್ತೀನಿ.'

ಅಣ್ಣ ರಸೂಲಸಾಬ ಬಾಯಿ ತೆರೆದುಕೊಂಡು ಕೂತಿದ್ದ. ಅಬ್ದುಲ್‌ಸಾಬ ಅವನ ಬೆನ್ನು ತಟ್ಟಿದ. 'ಮೊದಲ ತಂಗಿ. ಬೆನ್ನಿಗೆ ನೀನು. ಅಲ್ಲೆ ಕೆಲಸಕ್ಕೇನ ಬರಾ?' ಎಂದ. ಆಮೇಲೆ ಅಮ್ಮಾನ ಕಡೆ ನೋಡಿ ದನಿ ಇಳಿಸಿದ. 'ಕುವೈತಿಂದ ಮಕ್ಕಾ ಏನ ದೂರಲ್ರಿ ಅಮ್ಮಾ. ಮಗಳು ಅಲ್ಲಿದ್ರ ನೀವು ಹಜ್ ಮಾಡೂದ ಏನ ದೊಡ್ಡ ಮಾತು?'

ಅಮ್ಮಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ನನ್ನ ಅಬ್ಬಾ ಸತ್ತಾಗಲೂ ಅವಳು ಹಾಗೆ ಅತ್ತಿರಲಿಲ್ಲ. ಒಬ್ಬೊಬ್ಬರಿಗೂ ಏನು ಬೇಕೋ ಅದನ್ನೇ ಕೊಟ್ಟು ಎದ್ದು ಹೋದ ಮನುಷ್ಯನನ್ನು ನಾನು ಹೇಗೆ ನಂಬಲಿ? ನನಗೆ ಏನು ಬೇಕು ಎಂದು ಅವನೊಬ್ಬನೇ ಅಲ್ಲ, ಯಾರೂ ಕೇಳಿರಲಿಲ್ಲ.

ನಾವು ಜಮಖಾನಾ ನೇಯುವವರು. ನೇಯುವುದು ಹೆಂಗಸರ ಕೆಲಸ. ಮಾರುವುದು ಗಂಡಸರ ಕೆಲಸ. ಆದರೆ ನಮ್ಮ ಮನೆಯ ರಿವಾಜಿನಂತೆ ಸೊಸೆ ನೇಯಬೇಕು, ಮಗಳು ನೇಯಬಾರದು. ಮಗಳು ನಾಳೆ ಇನ್ನೊಬ್ಬರ ಮನೆ ಸೇರುವವಳು, ಕಸುಬನ್ನೂ ಸೆರಗಿಗೆ ಕಟ್ಟಿಕೊಂಡು ಹೋಗುತ್ತಾಳೆ. ಸೊಸೆ ಎಲ್ಲಿ ಹೋಗುತ್ತಾಳೆ? ಸತ್ತ ಮೇಲೆ ಖಬರಸ್ತಾನಕ್ಕೆ. ಹಾಗಾಗಿ ಅತ್ತೆ ಸೊಸೆಗೆ ಕಲಿಸಬೇಕು, ಮಗಳ ಮುಂದೆ ಪರದೆ ಎಳೆಯಬೇಕು.

ಮಗ್ಗದ ಕೋಣೆಗೆ ಬಾಗಿಲಿರಲಿಲ್ಲ, ಗೋಣಿತಟ್ಟಿನ ಪರದೆ ಇತ್ತು. ಅದರ ಆಚೆ ಮಗ್ಗ, ಈಚೆ ನಾನು. ನೂಲು ನೆನೆಸುವವಳು ನಾನು. ಹಂಡೆ ಹೊತ್ತು ಒಲೆಗೇರಿಸುವವಳು ನಾನು. ಕುದಿಯುವ ಬಣ್ಣದಲ್ಲಿ ಕೋಲಾಡಿಸಿ, ನೂಲಿನ ಲಡಿ ಎತ್ತಿ, ಹಿಂಡಿ, ಒಣಗಿಸಿ, ಉಂಡೆ ಸುತ್ತುವವಳು ನಾನು. ಉಂಡೆಯನ್ನು ಪರದೆಯ ಕೆಳಗಿನಿಂದ ಒಳಗೆ ಉರುಳಿಸಬೇಕು. ಪರದೆ ಎತ್ತಬಾರದು. ಸಣ್ಣವಳಿದ್ದಾಗ ಒಮ್ಮೆ ಎತ್ತಿದೆ. ಅಮ್ಮಾ ನೇಯ್ಗೆ ಬಡಿಯುವ ಪಂಜಾದಿಂದಲೇ ನನ್ನ ಬೆರಳ ಗಂಟಿಗೆ ಹೊಡೆದಳು. ಕಬ್ಬಿಣದ ಹಲ್ಲಿನ ಪಂಜಾ. 'ಕಣ್ಣಿಗೆ ಹತ್ತಿದ್ದು ಕೈಗಿಳೀತೈತಿ. ನೋಡಬ್ಯಾಡ' ಎಂದಳು. ನಮ್ಮ ಮನೆಮಾತು ಉರ್ದು, ನಿಮಗೆ ಕನ್ನಡದಲ್ಲಿ ಹೇಳುತ್ತಿದ್ದೇನೆ. ಬೈಯುವಾಗ ಮಾತ್ರ ಅಮ್ಮಾಗೆ ಕನ್ನಡವೇ ಬೇಕು.

ಅಬ್ದುಲ್‌ಸಾಬ ನನ್ನ ಬಣ್ಣದ ಕೈ ನೋಡಿ ನೇಯುವವಳ ಕೈ ಎಂದು ತಿಳಿದ. ಹೊರಗಿನವನಿಗೆ ಮನೆಯ ರಿವಾಜು ಏನು ಗೊತ್ತು? ಜಮಖಾನಾದ ಮನೆಯ ಹುಡುಗಿ ಎಂದರೆ ನೇಯುತ್ತಾಳೆ ಎಂದುಕೊಂಡ. ಅಲ್ಲ ಎಂದು ಯಾರೂ ಹೇಳಲಿಲ್ಲ. ಅಣ್ಣನೂ ಹೇಳಲಿಲ್ಲ, ಅಮ್ಮಾನೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ನಾನು ಹಂಡೆ ತಿಕ್ಕುತ್ತಿದ್ದೆ. ಅಮ್ಮಾ ಪರದೆ ಎತ್ತಿ ಹಿಡಿದು ನಿಂತಳು.

'ಒಳಗ ಬಾ' ಎಂದಳು.

ನಾನು ಕೈ ಒರೆಸಿಕೊಳ್ಳುವುದನ್ನೂ ಮರೆತೆ. ಎಷ್ಟೋ ವರ್ಷ ಆ ಮಾತಿಗಾಗಿ ಕಿವಿ ಕಾದಿತ್ತು. ಬಂದಾಗ ಖುಷಿಯಾಗಲಿಲ್ಲ. ಬೋನಿನ ಬಾಗಿಲು ತಾನಾಗಿ ತೆರೆದರೆ ಇಲಿಗೂ ಅನುಮಾನ ಬರುತ್ತದೆ.

'ಯಾಕ?' ಎಂದೆ.

'ಬಾ ಅಂದ್ರ ಬರಬೇಕು.'

ಒಳಗೆ ಹೋದೆ. ಗೋಡೆಯೆತ್ತರ ನಿಂತ ಮಗ್ಗ. ಮೇಲಿನಿಂದ ಕೆಳಗೆ ಬಿಗಿದ ಹಾಸಿನ ಎಳೆಗಳು. ಹಲಗೆಯ ಮೇಲೆ ಅಣ್ಣನ ಹೆಂಡತಿ, ನನ್ನ ಭಾಬಿ ಶಮೀಮಾಬಿ ಕೂತಿದ್ದಳು. ಅವಳು ಗುಡಗೇರಿಯವಳು. ಮದುವೆಯಾಗಿ ಬಂದ ಹೊಸದರಲ್ಲಿ ರೈಲಿನ ಸದ್ದು ಕೇಳುವುದಿಲ್ಲವೆಂದು ಅಳುತ್ತಿದ್ದವಳು. ಪಕ್ಕಕ್ಕೆ ಸರಿದು ನನಗೆ ಜಾಗ ಕೊಟ್ಟಳು. ಮುಖ ನೋಡಲಿಲ್ಲ.

ನಾನು ಬೇಗ ಕಲಿತೆ. ಅಮ್ಮಾಗೇ ಆಶ್ಚರ್ಯವಾಯಿತು. ಆಶ್ಚರ್ಯ ಯಾಕೆ? ಪರದೆಯ ಈಚೆ ಕೂತು ಕೇಳಿ ಕೇಳಿ ಪಂಜಾದ ಏಟು ನನ್ನ ಮೈಗೆ ಹತ್ತಿತ್ತು. ಕಣ್ಣು ಕಟ್ಟಿದರು, ಕಿವಿ ಕಟ್ಟಲು ಮರೆತಿದ್ದರು. ಅಡ್ಡಕ್ಕೆ ಹೊಕ್ಕಿನ ನೂಲು ಹಾಯಿಸುವುದು, ಬಣ್ಣಕ್ಕೆ ಬಣ್ಣ ಕೂಡಿಸುವುದು, ಬಡಿಯುವುದು. ಬೆರಳ ತುದಿ ಸೀಳಿತು. ಸೊಂಟ ಹಿಡಿಯಿತು. ಹಲಗೆಯಿಂದ ಏಳುವಾಗ ಮುದುಕಿಯ ಹಾಗೆ ಗೋಡೆ ಹಿಡಿದು ಏಳುತ್ತಿದ್ದೆ. ಆದರೂ ಸುಳ್ಳು ಹೇಳಲಾರೆ, ನನ್ನ ಕೈಯಿಂದ ಒಂದು ಕಮಾನು ಮೇಲೇಳುವುದನ್ನು ನೋಡಿದಾಗ ನನಗೆ ಬೇರೇನೂ ಬೇಡವಾಗಿತ್ತು.

ಅಮ್ಮಾ ಕಮಾನು ಮಾತ್ರ ಕಲಿಸಿದಳು. ನಮಾಜಿಗೆ ಹಾಸುವ ಜಾನಮಾಜಿನ ಮೇಲೆ ಇರುತ್ತದಲ್ಲ, ಆ ಕಮಾನು. ನಮ್ಮ ಮನೆಯ ಹೆಸರು ಇರುವುದು ನವಿಲಿನ ಜಮಖಾನಾದಿಂದ.

'ನವಿಲ ಯಾಕ ಕಲಸೂದಿಲ್ಲಮ್ಮಾ?'

'ಅಲ್ಲೆ ಅದು ಬೇಕಾಗಿಲ್ಲ.'

'ಎಲ್ಲೆ?'

ಅಮ್ಮಾ ಪಂಜಾ ಎತ್ತಿ ಬಡಿಯತೊಡಗಿದಳು.

ಬಾವಿಯ ಹತ್ತಿರ ಗೌರಕ್ಕ ಸಿಕ್ಕಳು. ಹಿಂದಿನ ಓಣಿಯವಳು. ಅವರ ಮನೆಯ ಮದುವೆಗಳಿಗೆಲ್ಲ ನಮ್ಮ ಜಮಖಾನಾವೇ ಹಾಸುವುದು. ಕೊಡ ಕಟ್ಟೆಯ ಮೇಲಿಟ್ಟು, 'ಏನಬೇ ಮೆಹರುನಬಿ, ಪರದೇಶಕ್ಕ ಹೊಂಟೀಯಂತ? ಗಂಡನ ಮಾರಿ ನೋಡೀಯೇನ?' ಎಂದಳು.

'ಫೋಟೋನೂ ಇಲ್ಲಕ್ಕಾ.'

'ನಿನ್ನ ನೋಡಾಕ ಬಂದಾಂವರೆ ಏನ ನೋಡಿದ?'

'ಕೈ.'

ಗೌರಕ್ಕ ಹಗ್ಗ ಎಳೆಯುವುದನ್ನು ನಿಲ್ಲಿಸಿದಳು. 'ಎತ್ತ ಕೊಳ್ಳಾಂವ ಹಲ್ಲ ನೋಡ್ತಾನ. ಸೊಸೀನ ತರಾಂವ ಮಾರಿ ನೋಡ್ತಾನ. ಇಂವಾ ಕೈ ನೋಡ್ಯಾನಂದ್ರ ವಿಚಾರ ಮಾಡಬೇ' ಎಂದಳು. ಆಮೇಲೆ ತನ್ನ ಕೊಡ ಎತ್ತಿಕೊಂಡು ಹೋದಳು. ಅವಳಿಗೆ ಹೇಳುವುದು ಸುಲಭ. ವಿಚಾರ ಮಾಡಿ ನಾನು ಹೋಗುವುದೆಲ್ಲಿಗೆ?

ಆ ದಿನ ಮಗ್ಗದ ಮೇಲೆ ಭಾಬಿಯೊಬ್ಬಳೇ ಇದ್ದಳು. ಕೇಳಿದೆ. 'ಭಾಬಿ, ಅಲ್ಲೆ ಮಗ್ಗ ಐತೇನ?'

ಭಾಬಿ ನೂಲು ಹಾಯಿಸುತ್ತಲೇ ಇದ್ದಳು. ಕೈ ನಿಲ್ಲಿಸದೆ ಹೇಳಿದಳು. 'ನನ್ನ ನೋಡಾಕ ಗುಡಗೇರಿಗೆ ಬಂದಾಗ ನಿಮ್ಮಮ್ಮ ಏನ ನೋಡಿದ್ರು ಗೊತ್ತೇನ? ಬೆರಳ. ಉದ್ದಾವೋ ಗಿಡ್ಡೋ ಅಂತ ಜಗ್ಗಿ ಜಗ್ಗಿ ನೋಡಿದ್ರು. ನಮ್ಮವ್ವ ಪಾಪ, ಬಳಿ ಅಳತಿ ತಗೋತಾರ ಅಂತ ತಿಳಿದ್ಲು.' ನಕ್ಕಳು. ನಗು ಅರ್ಧಕ್ಕೇ ನಿಂತಿತು. 'ನಾನೂ ಒಂದ ದೇಶ ಬಿಟ್ಟ ಇನ್ನೊಂದ ದೇಶಕ್ಕ ಬಂದಾಕೀನ ಮೆಹರು. ನಡುವ ಸಮುದ್ರ ಇಲ್ಲ, ಅಷ್ಟ. ತವರಿಗೆ ಹೋಗಬೇಕಂದ್ರ ಜಮಖಾನಾ ಮುಗೀಲಿ ಅಂತಾರ. ಒಂದ ಮುಗೀತಂದ್ರ ಇನ್ನೊಂದ ಹೂಡ್ತಾರ.'

ನಾನು ಅವಳ ಕೈ ನೋಡಿದೆ. ಇಷ್ಟು ವರ್ಷ ಆ ಕೈಯ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಗಂಟುಗಟ್ಟಿದ, ಬಾಗಿದ ಬೆರಳುಗಳು. ಅವಳಿಗೆ ಇನ್ನೂ ಮೂವತ್ತಾಗಿರಲಿಲ್ಲ.

ಅಬ್ದುಲ್‌ಸಾಬ ಎರಡನೆಯ ಸಲ ಬಂದಾಗ ನಾನು ನೇಯ್ದಿದ್ದ ಜಾನಮಾಜನ್ನು ಅಣ್ಣ ಅವನ ಮುಂದೆ ಹಾಸಿದ. ಅವನು ಉಗುರಿನಿಂದ ಕೆರೆದು ನೋಡಿದ, ಎಳೆದು ನೋಡಿದ. ಚಹಾ ಕೊಟ್ಟೆ. ನಾನು ಅಲ್ಲೇ ನಿಂತಿದ್ದರೂ ನಿಂತಿಲ್ಲದವರ ಹಾಗೆ ಮಾತಾಡಿದ.

'ಹಿಂದ ನಿಮ್ಮ ಕಡಿಂದ ಒಯ್ದಿದ್ನಲ್ಲ, ಆ ಜಾನಮಾಜ್ ಅಲ್ಲೆ ಕೈಗೆ ಸಿಗದ್ಹಂಗ ಮಾರಿ ಹೋದ್ವು. ಆಗ ನಾನು ಮಾಬುಸಾಬ ಕುಂತ ವಿಚಾರ ಮಾಡಿದ್ವಿ. ಜಮಖಾನಾ ಒಯ್ದರ ಒಂದ ಸಲ ಮಾರತೈತಿ. ಕೈ ಒಯ್ದರ ದಿನಾ ನೇಯತೈತಿ.' ಹೇಳಿ ತಾನೇ ನಕ್ಕ. ಅಣ್ಣನೂ ನಕ್ಕ.

'ಅಲ್ಲೆ ನಾ ಹೇಂತಿ ಏನ್ರಿ, ಆಳೇನ್ರಿ?' ಎಂದೆ.

ಅಣ್ಣನ ಕೈ ನನ್ನ ಕೆನ್ನೆಯ ಮೇಲಿತ್ತು. ಚಹಾದ ತಟ್ಟೆ ಬಿತ್ತು. ಅಬ್ದುಲ್‌ಸಾಬ ಸಿಟ್ಟಾಗಲಿಲ್ಲ. 'ಹೊಡೀಬ್ಯಾಡೋ ರಸೂಲ್, ಕೇಳ್ತಾಳ, ಕೇಳಲಿ' ಎಂದ. ನನ್ನ ಕಡೆ ತಿರುಗಿದ. 'ಹೇಂತಿ ಅಂದ್ರ ಮತ್ತೇನವಾ?'

'ಅವ್ರಿಗೆ ಅಲ್ಲೆ ಹೇಂತಿ ಅದಾಳೇನ್ರಿ?'

'ಇದ್ರ ಏನಾತು? ನಿನಗ ಛಲೋ ಆತು. ಅಡಗಿ, ಕಸಾ, ಮಕ್ಕಳು ಎಲ್ಲಾ ಆಕಿ ನೋಡ್ತಾಳ. ನಿನಗ ಒಲಿ ಮುಂದ ಕುಂದ್ರೂ ಕಾಟ ಇಲ್ಲ. ಮಗ್ಗ ಆಗಲೇ ಹೂಡಸೇವಿ. ನೀ ಮಗ್ಗ ಬಿಟ್ಟ ಏಳೂದ ಬ್ಯಾಡ.'

ಕರುಣೆಯಿಂದ ಹೇಳುವ ಹಾಗೆ ಹೇಳಿದ. ಅವನಿಗೆ ಇದರಲ್ಲಿ ಮುಚ್ಚಿಡುವಂಥದ್ದು ಏನೂ ಕಾಣಲಿಲ್ಲ. ಅಣ್ಣನಿಗೂ ಕಾಣಲಿಲ್ಲ. ಆಮೇಲೆ ಪಾಸ್‌ಪೋರ್ಟಿನ ಮಾತು ಬಂತು. 'ಅದೆಲ್ಲಾ ನನ್ನ ಕಡೆ ಇರಲಿ, ಹೆಣ್ಣುಮಕ್ಕಳು ಕಳಕೋತಾರ' ಎಂದ.

ಸಂಜೆ ಅಮ್ಮಾನ ಕಾಲು ಹಿಡಿದೆ. ಯಮನೂರಿನ ದರ್ಗಾದ ಮುಂದೆ ಹಣೆ ಹಚ್ಚುವ ಹಾಗೆ ಹಚ್ಚಿದೆ. 'ಅಮ್ಮಾ, ನಾ ಒಲ್ಲೆ. ಅಂವ ನನ್ನ ಕೈ ಕೊಯ್ಕೊಂಡ ಹೋಗಾಕ ಬಂದಾನ. ಕೈ ಹಿಂದ ಮೈ ಇರತೈತಿ ಅಂತ ಅಷ್ಟ ನನ್ನ ಒಯ್ಯತಾನ' ಎಂದೆ.

ಅಮ್ಮಾ ನನ್ನ ತಲೆ ಸವರಿದಳು. ಮೆತ್ತಗೆ ಸವರಿದಳು, ಅದಕ್ಕೇ ನನಗೆ ಹೆದರಿಕೆಯಾಯಿತು. 'ನಾ ಕಾಬಾ ನೋಡಿ ಸಾಯಬೇಕ ಬೇಟಿ. ನಿಮ್ಮ ಅಬ್ಬಾನ ಕೈಲೆ ಆಗಲಿಲ್ಲ. ರಸೂಲನ ಕೈಲೆ ಆಗೂದಿಲ್ಲ. ನಿನ್ನ ಕೈಲೆ ಆಗತೈತಿ' ಎಂದಳು.

ಮತ್ತೆ ಕೈ. ನಾನು ಎದ್ದು ಹೋಗಿ ಹಂಡೆಯ ಮುಂದೆ ಕೂತೆ. ಅಮ್ಮಾ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಬೈದು ಹಗುರಾಗುತ್ತಿದ್ದೆ. ಮಗಳನ್ನು ಮಾರಿ ಪುಣ್ಯ ಕೊಳ್ಳಬಹುದು ಎಂದು ನಂಬಿದ್ದಳು, ಅಷ್ಟೆ. ಆ ನಂಬಿಕೆ ಅವಳಿಗೆ ಯಾರು ಕಲಿಸಿದರೋ, ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ನಿಕಾಹದ ದಿನ ಅಂಗಳದಲ್ಲಿ ಹಂದರ ಹಾಕಿದರು. ಹಿತ್ತಿಲಲ್ಲಿ ಪುಲಾವ್ ಬೇಯುತ್ತಿತ್ತು. ನನ್ನನ್ನು ಮಗ್ಗದ ಕೋಣೆಯಲ್ಲಿ ಕೂಡಿಸಿದರು. ಹೆಂಗಸರೆಲ್ಲ ಹಿಡಿಸುವ ಕೋಣೆ ಅದೊಂದೇ. ಆದರೆ ಮಗ್ಗ ಯಾರ ಕಣ್ಣಿಗೂ ಬೀಳಬಾರದೆಂದು ಅಮ್ಮಾ ಅದಕ್ಕೆ ಚಾದರ ಹೊದಿಸಿದ್ದಳು. ಓಣಿಯ ಹುಡುಗಿಯರು ನನ್ನ ಸುತ್ತ ಕೂತಿದ್ದರು. ಬಾಜು ಮನೆಯ ನಸೀಮಾಬಿ ನನ್ನ ಕೈಗೆ ಮೆಹಂದಿ ಹಚ್ಚಿದ್ದಳು. ಉಗುರಿನ ಬಣ್ಣ ಯಾವುದು, ಮೆಹಂದಿ ಯಾವುದು ಗೊತ್ತಾಗುತ್ತಿರಲಿಲ್ಲ. ಅವಳ ಮನೆಯಲ್ಲೂ ಪರದೆಯಿತ್ತು. ಅವಳೂ ಹಂಡೆಯವಳೇ.

ಖಾಜಿಯವರು ಇಬ್ಬರು ಸಾಕ್ಷಿಗಳೊಂದಿಗೆ ಗೋಣಿಪರದೆಯ ಆಚೆ ಬಂದು ನಿಂತರು. ಅಣ್ಣನ ಕಾಲು, ಅಬ್ದುಲ್‌ಸಾಬನ ಮೋಜಡಿ ಪರದೆಯ ಕೆಳಗೆ ಕಾಣುತ್ತಿದ್ದವು.

'ಮೆಹರುನಬಿ, ಕುವೈತಿನಾಗ ಇರೂ ಮಾಬುಸಾಬನ ಜೋಡಿ ನಿನ್ನ ನಿಕಾಹ್ ಮಾಡಾಕತ್ತೇವಿ. ಕಬೂಲ್ ಏನವಾ?'

ಇಂಥ ಹೊತ್ತಿನಲ್ಲಿ ಹುಡುಗಿ ಮಾತಾಡುವುದಿಲ್ಲ. ಮಾತಾಡಿದರೆ ನಾಚಿಕೆಗೆಟ್ಟವಳು. ಹಿಂದೆ ಕೂತ ಹಿರಿಯಳು ಕುತ್ತಿಗೆಗೆ ಕೈ ಹಾಕಿ ತಲೆ ತಗ್ಗಿಸುತ್ತಾಳೆ, ಅದೇ ಒಪ್ಪಿಗೆ. ಅಮ್ಮಾನ ಕೈ ನನ್ನ ಕುತ್ತಿಗೆಗೆ ಬಂತು. ಒತ್ತಿದಳು. ನಾನು ಕುತ್ತಿಗೆ ಸೆಟೆಸಿದೆ. ಇನ್ನೂ ಒತ್ತಿದಳು. ಮೂಳೆ ಕಟ್ಟೆಂದಿತು, ಬಗ್ಗಲಿಲ್ಲ.

ಎರಡನೆಯ ಸಲ ಕೇಳಿದರು. ಹೊರಗಿನಿಂದ ಅಬ್ದುಲ್‌ಸಾಬನ ದನಿ ಬಂತು. 'ಸುಮ್ಮನದಾಳ, ಖಾಜಿಸಾಬ್ರ. ಸುಮ್ಮನಿದ್ರ ಒಪ್ಪಿಗಿ. ಮುಂದ ನಡೀರಿ.'

'ನಾ ಸುಮ್ಮನಿಲ್ರಿ' ಎಂದೆ. ಮತ್ತೆ ಗಟ್ಟಿಯಾಗಿ ಹೇಳಿದೆ. 'ಖಾಜಿಸಾಬ್ರ, ನಾ ಸುಮ್ಮನಿಲ್ಲ. ನಾ ಒಲ್ಲೆ. ಈ ನಿಕಾಹ್ ನನಗ ಬ್ಯಾಡ.'

ಅಮ್ಮಾ ನನ್ನ ಬಾಯಿಗೆ ಹೊಡೆದಳು. ತುಟಿ ಒಡೆಯಿತು. ಬಾಯಲ್ಲಿ ಉಪ್ಪಿನ ರುಚಿ ಬಂತು. ನುಂಗಿಕೊಂಡು ಮತ್ತೆ ಹೇಳಿದೆ. 'ಅವ್ರಿಗೆ ಹೇಂತಿ ಬೇಕಾಗಿಲ್ರಿ. ನೇಯುವಾಕಿ ಬೇಕಾಗ್ಯಾಳ. ನನಗ ನೇಯಾಕ ಬರೂದಿಲ್ಲ. ನಮ್ಮ ಮನ್ಯಾಗ ಹೆಣ್ಣುಮಕ್ಕಳಿಗೆ ಕಲಸೂದಿಲ್ಲ. ಇವರು ಬಂದ ಹೋದ ಮ್ಯಾಲ ಒಂದ ಕಮಾನ ಕಲಿಸ್ಯಾರ. ಅಷ್ಟ ನನಗ ಬರೂದು.'

ಆಮೇಲೆ ಅಬ್ದುಲ್‌ಸಾಬ ಕೂಗಿದ. ನನ್ನ ಮೇಲಲ್ಲ, ಅಣ್ಣನ ಮೇಲೆ. 'ಏನಲೇ ರಸೂಲ್! ಬರಲಾರದಾಕೀನ ನನಗ ಗಂಟ ಹಾಕತಿದ್ದೀಯೇನ? ಮಾಬುಸಾಬಗ ಏನ ಹೇಳ್ಲಿ ನಾ? ಮನ್ಯಾಗ ಪೂರಾ ನೇಯಾಕ ಬರೂದು ಯಾರಿಗೆ?'

ಅಣ್ಣ ಏನೋ ತೊದಲಿದ.

'ನಿನ್ನ ಹೇಂತೀಗೇನ? ಹಂಗಾರ ಆಕೀನ ಕಳಸು. ಮನೀಗೆಲಸದಾಕಿ ಅಂತ ಕಾಗದಾ ಮಾಡಿ ಒಯ್ಯತೀನಿ. ಅಲ್ಲೆ ನಿನ್ನ ಕೆಲಸದ ಜಾಗಾ ಹಂಗ ಐತಿ.'

ಖಾಜಿ, ಸಾಕ್ಷಿಗಳು, ಹಂದರದ ಕೆಳಗಿನ ಮಂದಿ, ಎಲ್ಲರ ಮುಂದೆ ಹೇಳಿದ. ಸಂತೆಯಲ್ಲಿ ಈ ಎಮ್ಮೆ ಬೇಡ, ಆ ಎಮ್ಮೆ ಕೊಡು ಎಂದ ಹಾಗೆ.

ಅಣ್ಣ ಅವನ ಕೊರಳಪಟ್ಟಿ ಹಿಡಿಯುತ್ತಾನೆ ಎಂದುಕೊಂಡೆ. ಎಲ್ಲರೂ ಹಾಗೇ ಅಂದುಕೊಂಡಿರಬೇಕು. ಭಾಬಿಯಂತೂ ಪರದೆಯ ಸಂದಿಯಲ್ಲಿ ಕಣ್ಣಿಟ್ಟು ಕಾದಿದ್ದಳು. ಆ ಸಂದಿಯಿಂದ ನನಗೂ ಅಣ್ಣನ ಮುಖ ಕಾಣುತ್ತಿತ್ತು. ಅಣ್ಣ ಒಮ್ಮೆ ಪರದೆಯ ಕಡೆ ನೋಡಿದ. ಆಮೇಲೆ ನೆಲ ನೋಡಿದ. ಬಾಯಿ ಬಿಡಲಿಲ್ಲ.

ಸುಮ್ಮನಿದ್ದರೆ ಒಪ್ಪಿಗೆ. ಈಗಷ್ಟೇ ಎಲ್ಲರೂ ಕೇಳಿದ್ದರು.

ಭಾಬಿ ಎದ್ದಳು. ಮಗ್ಗದ ಬುಡದಲ್ಲಿದ್ದ ಪಂಜಾ ಎಳೆದುಕೊಂಡಳು, ಮಗ್ಗದ ಚಾದರ ಅರ್ಧ ಜಾರಿತು. ಕಬ್ಬಿಣದ ಹಲ್ಲನ್ನು ಗೋಣಿಪರದೆಗೆ ಸಿಗಿಸಿ ಕೆಳಗೆ ಜಗ್ಗಿದಳು. ಹಳೆಯ ಗೋಣಿ ಪರ್‌ ಎಂದು ಹರಿಯಿತು. ಧೂಳು ಎದ್ದಿತು. ಆಚೆ ಗಂಡಸರು, ಈಚೆ ನಾವು. ನಡುವೆ ಏನೂ ಇಲ್ಲ.

'ನಿಮ್ಮಮ್ಮ ನನ್ನ ಬೆರಳ ನೋಡಿ ತಂದ್ಲು' ಎಂದಳು ಅಣ್ಣನಿಗೆ. 'ನೀ ನೋಡಿ ಮಾರತೀಯೇನ?'

ಅವಳು ಅಣ್ಣನಿಗೆ ನೀನು ಎಂದದ್ದು ಅದೇ ಮೊದಲು.

ಅಬ್ದುಲ್‌ಸಾಬ ಒಂದು ಹೆಜ್ಜೆ ಮುಂದೆ ಬಂದ. ಭಾಬಿ ಪಂಜಾ ಎತ್ತಿದಳು. 'ಕೈ ನೋಡಬೇಕಲ್ರಿ ನಿಮಗ? ಬರ್ರಿ. ಹತ್ರ ಬಂದ ನೋಡ್ರಿ.' ಅವನು ನಿಂತ. ಅತ್ತರಿನ ಕರವಸ್ತ್ರದಿಂದ ಮುಖ ಒರೆಸಿಕೊಂಡ. ಹಿಂದಕ್ಕೆ ಸರಿದ.

'ಹುಡುಗಿ ಒಲ್ಲೆ ಅಂದ ಮ್ಯಾಲ ನಿಕಾಹ್ ಇಲ್ಲ' ಎಂದರು ಖಾಜಿಯವರು. ನ್ಯಾಯ ಹೇಳಿದರೋ, ತಮ್ಮ ಮೇಲೆ ಬರುವುದು ಬೇಡವೆಂದು ಹೇಳಿದರೋ ನನಗೆ ಗೊತ್ತಿಲ್ಲ. ಕೈ ತೊಳೆದವರ ಹಾಗೆ ಹೊರಟರು. ಅಬ್ದುಲ್‌ಸಾಬ ಅವರಿಗಿಂತ ಮೊದಲೇ ಅಂಗಳ ದಾಟಿದ್ದ. ಪುಲಾವ್ ಹಾಗೇ ಉಳಿಯಿತು.

ಅಮ್ಮಾ ಎದೆ ಬಡಿದುಕೊಂಡಳು. ಅವಳ ಗೋಳು ಅಳಿಯನ ಬಗ್ಗೆಯೂ ಅಲ್ಲ, ಮಕ್ಕಾದ ಬಗ್ಗೆಯೂ ಅಲ್ಲ. 'ಮಗ್ಗ ಕಾಣತೈತಿ! ಮುಚ್ಚರೇ, ಮಗ್ಗ ಕಾಣತೈತಿ!' ಎಂದು ಕೂಗುತ್ತಿದ್ದಳು. ಹುಡುಗಿಯರೆಲ್ಲ ಗಾಬರಿಯಾಗಿ ಕಣ್ಣಿಗೆ ಕೈ ಅಡ್ಡ ಹಿಡಿದರು. ಅದು ಅವರವರ ಮನೆಯಲ್ಲಿ ಕಲಿತ ಅಭ್ಯಾಸ.

ನಾನು ಮದುವೆಯ ಸೀರೆಯಲ್ಲೇ ಎದ್ದು ಮಗ್ಗದ ಮೇಲೆ ಉಳಿದಿದ್ದ ಚಾದರವನ್ನೂ ಎಳೆದು ಹಾಕಿದೆ.

'ನೋಡ್ರೇ' ಎಂದೆ. 'ಕಣ್ಣ ಬಿಟ್ಟ ನೋಡ್ರಿ.'

ಮೊದಲು ಕೈ ತೆಗೆದವಳು ನಸೀಮಾಬಿ. ಹಾಸಿನ ಎಳೆಯನ್ನು ಒಂದು ಬೆರಳಿನಿಂದ ಮುಟ್ಟಿದಳು. ಸುಟ್ಟೀತು ಎಂಬಂತೆ ಹಿಂದಕ್ಕೆ ತೆಗೆದಳು. ಮತ್ತೆ ಮುಟ್ಟಿದಳು. ಭಾಬಿ ಹಲಗೆಯ ಮೇಲೆ ಕೂತು ಅವಳಿಗೆ ಜಾಗ ಕೊಟ್ಟಳು. 'ನವಿಲಿಂದ ಶುರು ಮಾಡೂಣು' ಎಂದಳು. ನನಗೂ ಅಂದೇ ನವಿಲು ಸಿಕ್ಕಿತು.

ಆಮೇಲೆ ಎಲ್ಲ ಸರಿಹೋಯಿತು ಎಂದು ಹೇಳಿದರೆ ನೀವು ನಂಬಬೇಡಿ. ಅಣ್ಣ ಹುಬ್ಬಳ್ಳಿಗೆ ಹಮಾಲಿಗೆ ಹೋದ, ಬಂದಾಗ ನನ್ನ ಮುಖ, ಭಾಬಿಯ ಮುಖ ನೋಡುತ್ತಿರಲಿಲ್ಲ. ನನಗೆ ಮತ್ತೆ ಸಂಬಂಧ ಬರಲಿಲ್ಲ. ಓಣಿಯ ಗಂಡಸರು ಬಂದು, 'ನಮ್ಮ ಹುಡುಗ್ಯಾರ ತಲಿ ಕೆಡಸ್ತೀರಿ, ಕಸಬ ಊರೆಲ್ಲಾ ಹಂಚತೀರಿ' ಎಂದು ಜಗಳ ತೆಗೆದರು. ನಮ್ಮ ಜಮಖಾನಾವನ್ನು ಕೊಳ್ಳಬೇಡಿ ಎಂದು ಊರೆಲ್ಲ ಹೇಳಿಕೊಂಡು ಬಂದರು. ಗೌರಕ್ಕ ಕೊಂಡಳು, ಚೌಕಾಶಿ ಮಾತ್ರ ಬಿಡಲಿಲ್ಲ. ಅಮ್ಮಾ ಆ ಗೋಣಿಯನ್ನು ಹೊಲಿದು ಮತ್ತೆ ಕಟ್ಟಿದಳು. ಭಾಬಿ ಮತ್ತೆ ಹರಿದಳು. ಅಮ್ಮಾ ಮತ್ತೆ ಕಟ್ಟಿದಳು. ನಾನು ಹರಿದೆ. ಹುಡುಗಿಯರು ಹಿತ್ತಿಲಿನಿಂದ ಕದ್ದು ಬರುತ್ತಿದ್ದರು, ನೀರು ತರುವ ನೆಪದಲ್ಲಿ, ಕೊಡ ಹಿಡಿದು.

ಮುಂದಿನ ವರ್ಷ ಅಬ್ದುಲ್‌ಸಾಬ ನಸೀಮಾಬಿಯ ಮನೆಗೆ ಬಂದ. ಅದೇ ಅತ್ತರು, ಬೇರೆ ಹುಡುಗನ ಹೆಸರು. ಈ ಸಲ ಮೋಸ ಹೋಗಬಾರದೆಂದು ಮೊದಲೇ ಕೇಳಿದನಂತೆ. 'ಖರೇನ ನೇಯಾಕ ಬರತೈತೇನ ನಿನಗ? ಎಲ್ಲಿ, ಕೈ ತೋರಸು.'

ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳಂತೆ.

'ಬರತೈತ್ರಿ' ಎಂದಳಂತೆ. 'ಕೈ ತೋರಸೂದಿಲ್ಲ.'